ಪಿಎಚ್‌ಡಿಗೆ ಸೇರುವವರೇ, ಮಾರ್ಗದರ್ಶಕರ ನಿವೃತ್ತಿ ದಿನಾಂಕವನ್ನೂ ನಿಮ್ಮ ಪಾಠದ ಗಂಟೆಗಳನ್ನೂ ಮೊದಲು ಕೇಳಿಕೊಳ್ಳಿ

ನಾನು ಬಾಗಲಕೋಟೆಯ ನವನಗರದವಳು. 2023ರ ಜನವರಿಯಲ್ಲಿ ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪಿಎಚ್‌ಡಿಗೆ ಪೂರ್ಣಾವಧಿ ವಿದ್ಯಾರ್ಥಿನಿಯಾಗಿ ಸೇರಿದೆ. ಆ ವಿಶ್ವವಿದ್ಯಾಲಯದ ಹೆಸರನ್ನಾಗಲಿ, ನನ್ನ ಮೊದಲ ಮಾರ್ಗದರ್ಶಕರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಮುಂದಿನ ಸಲ ಸಂಶೋಧನೆಗೆ ಅರ್ಜಿ ಹಾಕುವವರು ನಾನು ಕೇಳದೆ ಬಿಟ್ಟ ಎರಡು ಪ್ರಶ್ನೆಗಳನ್ನು ಕೇಳಿಯೇ ಸೇರಲಿ ಎಂಬುದಷ್ಟೇ ನನ್ನ ಆಸೆ.

ನನ್ನ ವಿಷಯ ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳ ಹೆಣ್ಣುಮಕ್ಕಳ ಬದುಕಿಗೆ ಸಂಬಂಧಿಸಿದ್ದು. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದಲ್ಲಿ ಬೆಳೆದ ನನಗೆ ಇದು ಪುಸ್ತಕದಿಂದ ಆರಿಸಿಕೊಂಡ ವಿಷಯವಾಗಿರಲಿಲ್ಲ. ಆದ್ದರಿಂದ ಮುಳುಗಡೆಯ ಬಗ್ಗೆ ಮೊದಲೇ ಕೆಲಸ ಮಾಡಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಮಾರ್ಗದರ್ಶಕರಾಗಲು ಒಪ್ಪಿದಾಗ ಬಹಳ ಸಂತೋಷಪಟ್ಟೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದ ಪ್ರಕಾರ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾ ವಿದ್ಯಾರ್ಥಿಗಳಿಗಿಂತ ಹೆಚ್ಚು ಜನರಿಗೆ ಮಾರ್ಗದರ್ಶನ ಮಾಡುವಂತಿಲ್ಲ. ವಿಭಾಗದ ಫಲಕದಲ್ಲಿ ಅವರ ಹೆಸರಿನ ಮುಂದೆ ಮೂರು ಸ್ಥಾನ ಖಾಲಿ ಎಂದು ಬರೆದಿತ್ತು. ನಾನು ನೋಡಿದ್ದು ಅದೊಂದನ್ನೇ.

ಅವರ ನಿವೃತ್ತಿ ಯಾವಾಗ ಎಂದು ನಾನು ಕೇಳಲಿಲ್ಲ. ಹಿರಿಯರನ್ನು ಹಾಗೆ ಕೇಳುವುದು ಅಗೌರವ ಎಂಬ ಭಾವನೆ ನಮ್ಮ ಕಡೆ ಎಲ್ಲರಲ್ಲಿಯೂ ಇದೆ, ನನ್ನಲ್ಲಿಯೂ ಇತ್ತು. ಅವರು ನಿವೃತ್ತರಾದದ್ದು 2024ರ ನವೆಂಬರ್ 30ರಂದು. ಎಂದರೆ ನನ್ನನ್ನು ಅವರಿಗೆ ಹಂಚಿಕೆ ಮಾಡಿದ ದಿನ ಅವರಿಗೆ ಉಳಿದಿದ್ದ ಸೇವಾವಧಿ ಎರಡು ವರ್ಷವೂ ಇರಲಿಲ್ಲ. 2022ರ ನವೆಂಬರ್‌ನಲ್ಲಿ ಪ್ರಕಟವಾದ, ಪಿಎಚ್‌ಡಿ ಪದವಿಗೆ ಸಂಬಂಧಿಸಿದ ಯುಜಿಸಿ ನಿಯಮಾವಳಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದಿರುವ ಅಧ್ಯಾಪಕರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ; ಮೊದಲೇ ನೋಂದಾಯಿಸಿಕೊಂಡವರಿಗೆ ನಿವೃತ್ತಿಯವರೆಗೆ ಮಾರ್ಗದರ್ಶನ ಮುಂದುವರಿಸಬಹುದು, ಆ ಬಳಿಕ 70 ವಯಸ್ಸಿನವರೆಗೆ ಸಹ ಮಾರ್ಗದರ್ಶಕರಾಗಿ ಮಾತ್ರ ಇರಬಹುದು. ಹೀಗೆ ನನ್ನ ಹಂಚಿಕೆಯೇ ನಿಯಮಕ್ಕೆ ಹೊರತಾಗಿತ್ತು. ವಿಭಾಗದ ಸಭೆಯಲ್ಲಿ ಕುಳಿತಿದ್ದ ಯಾರೊಬ್ಬರೂ ಅದನ್ನು ಎತ್ತಲಿಲ್ಲ. ಓದಿ ತಿಳಿದುಕೊಳ್ಳಬೇಕಾಗಿದ್ದ ನಾನೂ ಓದಿರಲಿಲ್ಲ.

ಸಂಶೋಧನೆಗೆ ಮೊದಲು ಓದಬೇಕಾದ ತರಗತಿಗಳು, ಅಂದರೆ ಕೋರ್ಸ್‌ವರ್ಕ್ ಮುಗಿಯುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು. 2023ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಸರ್ ನನ್ನನ್ನು ತಮ್ಮ ಕೊಠಡಿಗೆ ಕರೆದು, "ತಂಗಿ, ಗೆಸ್ಟ್ ನೇಮಕಾತಿ ಆಗೂತನಾ ಈ ಎರಡ ಪೇಪರ್ ನೀನ ನೋಡ್ಕೊ. ನಿನಗೂ ಪಾಠಾ ಮಾಡೂ ರೂಢಿ ಆಗ್ತೈತಿ," ಎಂದರು. ನಾನು "ಆತ್ರಿ ಸರ್" ಎಂದೆ. ಪಾಠ ಮಾಡುವುದು ನನಗೆ ಇಷ್ಟ, ಹೇಳಿದವರು ಗುರುಗಳು, ಮೇಲಾಗಿ ಅದು ತಾತ್ಕಾಲಿಕ ಎಂದು ನಂಬಿದ್ದೆ. ಎರಡು ಪೇಪರ್ ಎಂದರೆ ವಾರಕ್ಕೆ ಎಂಟು ಗಂಟೆ. ದಸರೆಯ ರಜೆ ಮುಗಿಯುವಷ್ಟರಲ್ಲಿ ಮೂರನೆಯ ಪೇಪರೂ ನನ್ನ ಪಾಲಿಗೆ ಬಂದು ಹನ್ನೆರಡು ಗಂಟೆಯಾಯಿತು. ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುವುದು, ಉತ್ತರಪತ್ರಿಕೆ ತಿದ್ದುವುದು, ಸೆಮಿನಾರ್ ಅಂಕಗಳ ಪಟ್ಟಿ ಮಾಡುವುದು ಇದರ ಮೇಲಿನ ಕೆಲಸ. ಅತಿಥಿ ಉಪನ್ಯಾಸಕರು ಆ ವರ್ಷ ಬರಲೇ ಇಲ್ಲ.

ಸಂಶೋಧನಾ ವಿದ್ಯಾರ್ಥಿಗಳು ಪಾಠ ಮಾಡಲೇಬಾರದು ಎಂಬುದು ನನ್ನ ವಾದವಲ್ಲ. ಅದೇ ನಿಯಮಾವಳಿಯು ಪಿಎಚ್‌ಡಿ ಅವಧಿಯಲ್ಲಿ ಪ್ರತಿಯೊಬ್ಬರೂ ತಮ್ಮ ವಿಷಯಕ್ಕೆ ಸಂಬಂಧಿಸಿದ ಬೋಧನೆ ಹಾಗೂ ಬರವಣಿಗೆಯ ತರಬೇತಿ ಪಡೆಯಬೇಕು ಎನ್ನುತ್ತದೆ. ಟ್ಯುಟೋರಿಯಲ್ (ಸಣ್ಣ ಗುಂಪಿನ ಚರ್ಚಾ ತರಗತಿ), ಪ್ರಯೋಗಾಲಯ, ಮೌಲ್ಯಮಾಪನದಂತಹ ಸಹಾಯಕ ಕೆಲಸವನ್ನು ವಾರಕ್ಕೆ 4ರಿಂದ 6 ಗಂಟೆ ವಹಿಸಬಹುದು ಎಂದೂ ಹೇಳುತ್ತದೆ. ಅಷ್ಟು ಗಂಟೆಗಳಲ್ಲಿ ಕಲಿಯುವುದು ಬಹಳವಿದೆ. ಎಂ.ಎ. ಹುಡುಗಿಯೊಬ್ಬಳು ಟ್ಯುಟೋರಿಯಲ್‌ನಲ್ಲಿ ಕೇಳಿದ ಪ್ರಶ್ನೆಯಿಂದಲೇ ನನ್ನ ಪ್ರಶ್ನಾವಳಿಯ ಒಂದು ಇಡೀ ಭಾಗವನ್ನು ನಾನು ಬದಲಿಸಿದ್ದೇನೆ. ಆದರೆ ಮೂರು ಪೇಪರ್‌ಗಳನ್ನು ಮೊದಲ ಘಟಕದಿಂದ ಕೊನೆಯ ಘಟಕದವರೆಗೆ ಮುಗಿಸಿಕೊಡುವುದು ಟ್ಯುಟೋರಿಯಲ್ ಅಲ್ಲ, ಅದು ಪೂರ್ಣ ಬೋಧನಾ ಕಾರ್ಯಭಾರ. ಹುದ್ದೆಗಳು ಖಾಲಿ ಬಿದ್ದಿರುವುದು ನಿಜ, ವಿಭಾಗದ ಕಷ್ಟವೂ ನಿಜ. ಆ ಕೊರತೆಯನ್ನು ಸಂಬಳವಿಲ್ಲದ, ಆದೇಶವಿಲ್ಲದ ವಿದ್ಯಾರ್ಥಿಯ ವರ್ಷಗಳಿಂದ ತುಂಬಿಸಿಕೊಳ್ಳುವುದನ್ನು ನಾನು ಈಗ ಒಪ್ಪಲಾರೆ.

ಆ ಹದಿನೈದು ತಿಂಗಳಲ್ಲಿ ಕ್ಷೇತ್ರಕಾರ್ಯಕ್ಕೆ ನನಗೆ ಉಳಿಯುತ್ತಿದ್ದದ್ದು ಭಾನುವಾರ ಮತ್ತು ಹಬ್ಬದ ದಿನಗಳು. ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ವಯಸ್ಸಾದ ತಾಯಿಯೊಬ್ಬರು ಇದ್ದರು. ಮುಳುಗಿದ ಊರಿನಲ್ಲಿ ಯಾರ ಮನೆ ಎಲ್ಲಿತ್ತು, ಪರಿಹಾರದ ಹಣ ಗಂಡಸರ ಕೈಗೆ ಬಂದಾಗ ಒಳಗಿನ ಹೆಂಗಸರಿಗೆ ಅದರಲ್ಲಿ ಎಷ್ಟು ತಿಳಿದಿತ್ತು, ಎಮ್ಮೆಗಳನ್ನು ಯಾವ ಮನೆಯವರು ಯಾವಾಗ ಮಾರಿದರು ಎಂಬುದನ್ನೆಲ್ಲ ಅವರು ಬೆರಳು ಮಡಚಿ ಲೆಕ್ಕ ಹೇಳುವಂತೆ ಹೇಳುತ್ತಿದ್ದರು. 2023ರ ಡಿಸೆಂಬರ್‌ನಲ್ಲಿ ಮೊದಲ ಸಲ ಹೋದಾಗ ಅರ್ಧ ಗಂಟೆ ಮಾತಾಡಿ, "ಸುಗ್ಗಿ ಮುಗದ ಮ್ಯಾಲ ಬಾರವ್ವಾ, ಕುಂತ ಎಲ್ಲಾ ಹೇಳ್ತೇನಿ," ಎಂದಿದ್ದರು. ಸುಗ್ಗಿ ಮುಗಿಯುವ ಹೊತ್ತಿಗೆ ನನಗೆ ಪಠ್ಯಕ್ರಮ ಮುಗಿಸುವ ಅವಸರ, ಅದರ ಹಿಂದೆಯೇ ಆಂತರಿಕ ಅಂಕಗಳ ಕೆಲಸ. ಜೂನ್‌ನಲ್ಲಿ ಬಿಡುವು ಸಿಕ್ಕಿ ಹೋದೆ. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಸೊಸೆ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು, "ಆ ಹುಡುಗಿ ಬರ್ತಾಳಂತ ಭಾಳ ದಿನಾ ಹಾದಿ ನೋಡ್ಯಾರ್ರಿ," ಎಂದರು. ನನ್ನ ಬಳಿ ಇರುವುದು ಆ ಅರ್ಧ ಗಂಟೆಯ ಧ್ವನಿಮುದ್ರಿಕೆ ಮಾತ್ರ. ಅವರು ಹೇಳಬೇಕೆಂದಿದ್ದ ಉಳಿದ ಸಂಗತಿ ಇನ್ನು ಯಾವ ಪ್ರಬಂಧಕ್ಕೂ ಬರುವುದಿಲ್ಲ. ಈ ಬರಹ ಬರೆಯಲು ಮುಖ್ಯ ಕಾರಣ ಇದೇ.

ಇನ್ನು ಸಂಶೋಧನಾ ಸಲಹಾ ಸಮಿತಿಯ ವಿಷಯ. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ವಿದ್ಯಾರ್ಥಿ ಈ ಸಮಿತಿಯ ಮುಂದೆ ಹಾಜರಾಗಿ, ತನ್ನ ಕೆಲಸದ ಪ್ರಗತಿಯನ್ನು ಮಂಡಿಸಿ, ಸಂಕ್ಷಿಪ್ತ ವರದಿ ಕೊಡಬೇಕು ಎಂಬುದು ನಿಯಮ. ಮಾರ್ಗದರ್ಶಕರೇ ಈ ಸಮಿತಿಯ ಸಂಚಾಲಕರು. ನನ್ನ ವಿಷಯದಲ್ಲಿ ನಿಜವಾಗಿ ನಡೆದ ಸಭೆ ಒಂದೇ. ಮತ್ತೆರಡು ಸಲ ಕಚೇರಿಯಿಂದ ನಮೂನೆ ಬಂದಿತು, "ಪ್ರಗತಿ ತೃಪ್ತಿಕರ" ಎಂಬ ಸಾಲು ಮೊದಲೇ ತುಂಬಿತ್ತು, ಗುರುತು ಮಾಡಿದ ಜಾಗದಲ್ಲಿ ಸಹಿ ಹಾಕಿದೆ. ಯಾರೂ ನನ್ನನ್ನು ಪ್ರಶ್ನೆ ಕೇಳಲಿಲ್ಲ ಎಂದು ಆಗ ಒಳಗೊಳಗೆ ನಿರಾಳವೂ ಆಗಿತ್ತು. ಆ ಸಭೆಗಳು ಸರಿಯಾಗಿ ನಡೆದಿದ್ದರೆ, ಮಾಹಿತಿ ಸಂಗ್ರಹಕ್ಕೆ ಸಮಯ ಸಾಲುತ್ತಿಲ್ಲ, ಪಾಠದ ಹೊರೆ ಇಷ್ಟಿದೆ ಎಂದು ಮೂರನೆಯವರ ಎದುರಿಗೆ ಹೇಳುವ, ನಡಾವಳಿಯಲ್ಲಿ ಬರೆಸುವ ಅವಕಾಶ ನನಗೆ ಅಲ್ಲಿಯೇ ಇತ್ತು.

ಸರ್ ನಿವೃತ್ತರಾದ ಮೇಲೆ ಎರಡು ತಿಂಗಳು ನನಗೆ ಮಾರ್ಗದರ್ಶಕರೇ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಹೊಸ ಮಾರ್ಗದರ್ಶಕಿಯನ್ನು ನೇಮಿಸಿ ಸಮಿತಿಯ ಸಭೆ ಕರೆದರು. ಎರಡು ವರ್ಷ ಕಳೆದಿದ್ದರೂ ನನ್ನ ಕೈಯಲ್ಲಿದ್ದದ್ದು ಹನ್ನೊಂದು ಸಂದರ್ಶನಗಳು ಮತ್ತು ಅರ್ಧ ಅಧ್ಯಾಯ. "ಪ್ರಗತಿ ತೃಪ್ತಿಕರವಾಗಿಲ್ಲ" ಎಂದು ದಾಖಲಾಯಿತು. ಅವರು ಕಂಡದ್ದನ್ನು ಅವರು ಬರೆದರು. ಅವರನ್ನು ನಾನು ದೂರುವುದಿಲ್ಲ. ಆದರೆ ಈ ಷರಾ ಸಣ್ಣದಲ್ಲ. ಸಮಿತಿ ಸೂಚಿಸಿದ ಸುಧಾರಣೆಗಳನ್ನು ವಿದ್ಯಾರ್ಥಿ ಮಾಡದೆ ಹೋದರೆ, ಕಾರಣಗಳನ್ನು ಬರೆದು ನೋಂದಣಿ ರದ್ದುಪಡಿಸಲು ಶಿಫಾರಸು ಮಾಡುವ ಅಧಿಕಾರ ಅದೇ ಸಮಿತಿಗೆ ಇದೆ.

ಪಾಠದ ಹೊರೆಯನ್ನು ತೋರಿಸಲು ವಿಭಾಗದ ಕಚೇರಿಗೆ ಹೋಗಿ ಹಿಂದಿನ ಹಾಜರಿ ಪುಸ್ತಕಗಳನ್ನು ಕೇಳಿದೆ. ಗುಮಾಸ್ತರು ಒಳ್ಳೆಯವರು, ಮೂರನ್ನೂ ತೆಗೆದುಕೊಟ್ಟರು. ಪ್ರತಿ ಪುಟದ ಹೆಸರುಗಳು ನನ್ನ ಕೈಬರಹ, ಪಿ ಮತ್ತು ಎ ಗುರುತುಗಳು ನನ್ನ ನೀಲಿ ಪೆನ್ನಿನವು, ಪಾಠದ ವಿಷಯ ಬರೆಯುವ ಕೊನೆಯ ಅಂಕಣವೂ ನನ್ನದೇ ಅಕ್ಷರ. ಕೆಳಗೆ ತಿಂಗಳಿಗೊಮ್ಮೆ ಹಾಕಿದ ಸಹಿ ಮಾತ್ರ ಸರ್ ಅವರದು. "ಮೇಡಂ, ನೀವ ಪಾಠಾ ಮಾಡೀರಿ ಅಂತ ನಮಗೆಲ್ಲಾ ಗೊತ್ತೈತ್ರಿ, ಆದ್ರ ನಿಮ್ಮ ಸಹಿ ಎಲ್ಲೂ ಇಲ್ಲಲ್ರೀ," ಎಂದರು ಅವರು. ವೇಳಾಪಟ್ಟಿಯಲ್ಲಿಯೂ ನನ್ನ ಹೆಸರನ್ನು ಸರ್ ಹೆಸರಿನ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿದ್ದರು. ಹೊಸ ವೇಳಾಪಟ್ಟಿ ಅಂಟಿಸುವಾಗ ಹಳೆಯದು ಹರಿದುಹೋಗಿತ್ತು.

ಕೊನೆಗೆ ನನಗೆ ಆಧಾರವಾದದ್ದು ಫೋನ್. "ನಾಳೆ 11ರ ಕ್ಲಾಸ್ ನೀನ ತಗೋ", "ಇಂಟರ್ನಲ್ ಪೇಪರ್ ಸೋಮವಾರ ಕೊಡು" ಎಂದು ಸರ್ ಕಳಿಸಿದ್ದ ಸಂದೇಶಗಳು, ಎಂ.ಎ. ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನ ಮಾತುಗಳು ಉಳಿದಿದ್ದವು. ಅವುಗಳನ್ನು ದಿನಾಂಕವಾರು ಮುದ್ರಿಸಿ, ತಿಂಗಳಿಗೆ ಎಷ್ಟು ಗಂಟೆ ಎಂದು ಒಂದು ಪಟ್ಟಿ ಮಾಡಿ, ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಅರ್ಜಿ ಕೊಟ್ಟೆ. ಇಂತಹ ಸಮಿತಿ ಪ್ರತಿ ಸಂಸ್ಥೆಯಲ್ಲೂ ಇರಬೇಕು ಎಂದು ಯುಜಿಸಿಯ 2023ರ ನಿಯಮಗಳು ಹೇಳುತ್ತವೆ. ದೂರು ತಲುಪಿದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಎಂಬ, ವಿದ್ಯಾರ್ಥಿಗಳ ದೂರು ಕೇಳುವ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯನ್ನು ಯಾರದಾದರೂ ಕೈಗೆ ಕೊಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ಸಂಖ್ಯೆ ಹಾಕಿಸಿಕೊಳ್ಳಿ. ನನ್ನ ಮೊದಲ ಅರ್ಜಿ ಮುದ್ರೆಯಿಲ್ಲದೆ ಹೋಗಿ ಮೂರು ವಾರ ಎಲ್ಲಿದೆ ಎಂದೇ ತಿಳಿಯಲಿಲ್ಲ.

ಸಮಿತಿಯವರು ನನ್ನ ಮಾತನ್ನು ಪೂರ್ತಿ ಕೇಳಿದರು. ಲಿಖಿತ ಆದೇಶವಿಲ್ಲದೆ ಬೋಧನಾ ಕಾರ್ಯಭಾರ ವಹಿಸಲಾಗಿತ್ತು ಎಂಬುದನ್ನು ದಾಖಲಿಸಿದರು, ಸಲಹಾ ಸಮಿತಿಯ ಷರಾದ ಜೊತೆಗೆ ಆ ವಿವರಣೆಯನ್ನು ಕಡತಕ್ಕೆ ಸೇರಿಸಲು ಸೂಚಿಸಿದರು. ಕಳೆದ ತಿಂಗಳುಗಳನ್ನು ಮರಳಿ ಕೊಡುವ ದಾರಿ ಅವರ ಬಳಿಯೂ ಇರಲಿಲ್ಲ. ಪಿಎಚ್‌ಡಿಗೆ ಪ್ರವೇಶದ ದಿನದಿಂದ ಗರಿಷ್ಠ 6 ವರ್ಷ; ಮರುನೋಂದಣಿಯ ಮೂಲಕ ಇನ್ನೆರಡು ವರ್ಷ; ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಉಳ್ಳವರಿಗೆ ಅದರ ಮೇಲೆ ಮತ್ತೆರಡು ವರ್ಷದ ಸಡಿಲಿಕೆ ಇದೆ. ಆ ಸಡಿಲಿಕೆ ಹೆರಿಗೆ, ಮನೆಯ ಹೊಣೆ, ಆರೋಗ್ಯದ ತೊಂದರೆಗಳ ನಡುವೆ ಓದುವವರಿಗೆ ಇರುವ ಆಸರೆ. ವಿಭಾಗದ ಪಾಠ ಮುಗಿಸಿಕೊಟ್ಟದ್ದಕ್ಕಾಗಿ ಅದನ್ನು ಬಳಸಬೇಕಾಗಿ ಬಂದರೆ ನನಗೆ ದುಃಖವಾಗುತ್ತದೆ.

ಆದ್ದರಿಂದ ಸಂದರ್ಶನಕ್ಕೆ ಹೋಗುವ ಮೊದಲೇ ಆ ವಿಶ್ವವಿದ್ಯಾಲಯದ ಜಾಲತಾಣವನ್ನು ತೆರೆದು ನೋಡಿ. ಮಾರ್ಗದರ್ಶಕರ ಹೆಸರು, ಹುದ್ದೆ, ವಿಭಾಗ, ಅವರ ಬಳಿ ಇರುವ ವಿದ್ಯಾರ್ಥಿಗಳು, ಅವರ ವಿಷಯ, ಪ್ರವೇಶದ ದಿನಾಂಕ ಇವನ್ನೆಲ್ಲ ಅಲ್ಲಿ ಪ್ರಕಟಿಸಿ ಪ್ರತಿ ಶೈಕ್ಷಣಿಕ ವರ್ಷ ಪರಿಷ್ಕರಿಸಬೇಕು ಎಂಬುದೂ ನಿಯಮವೇ. ನಿವೃತ್ತಿ ದಿನಾಂಕ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಪಿಎಚ್‌ಡಿ ವಿಭಾಗದ ಕಚೇರಿಯಲ್ಲಿ ಕೇಳಿ. ಅಲ್ಲಿಯೂ ಹೇಳದಿದ್ದರೆ ಗುರುಗಳನ್ನೇ ಕೇಳಿ. "ಸರ್, ನನ್ನ ಪ್ರಬಂಧ ಮುಗಿಯೂತನಾ ನೀವ ಸೇವೆದಾಗ ಇರ್ತೀರೇನ್ರಿ?" ಎಂದು ವಿನಯದಿಂದ ಕೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ನನ್ನ ಹೊಸ ಮಾರ್ಗದರ್ಶಕಿಯನ್ನು ಮೊದಲ ಭೇಟಿಯಲ್ಲೇ ಹಾಗೆ ಕೇಳಿದೆ. ಅವರು ನಕ್ಕು, ತಮಗೆ ಇನ್ನೂ ಹನ್ನೊಂದು ವರ್ಷ ಸೇವೆ ಇದೆ ಎಂದರು.

ಪಾಠ ವಹಿಸಿದರೆ ಸಂತೋಷದಿಂದ ಒಪ್ಪಿಕೊಳ್ಳಿ, ಆದರೆ ವಾರಕ್ಕೆ ಎಷ್ಟು ಗಂಟೆ, ಯಾವ ಪೇಪರ್, ಯಾವ ತಿಂಗಳವರೆಗೆ ಎಂಬ ಜ್ಞಾಪನ ಪತ್ರವನ್ನು ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ಕೇಳಿ. ಕೊಡಲು ತಡಮಾಡಿದರೆ, ನಿಮಗೆ ಹೇಳಿದ್ದನ್ನು ನೀವೇ ಒಂದು ಇಮೇಲ್‌ನಲ್ಲಿ ಬರೆದು, "ತಾವು ತಿಳಿಸಿದಂತೆ ಇಂದಿನಿಂದ ಈ ತರಗತಿಗಳನ್ನು ತೆಗೆದುಕೊಳ್ಳುತ್ತಿದ್ದೇನೆ" ಎಂದು ಕಳಿಸಿ. ಅದಕ್ಕೆ ಉತ್ತರ ಬರದಿದ್ದರೂ ದಿನಾಂಕ ಉಳಿಯುತ್ತದೆ. ಸಲಹಾ ಸಮಿತಿಯ ನಮೂನೆಗೆ ಸಭೆ ನಡೆಯದೆ ಸಹಿ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ ಅಂದಿನ ದಿನಾಂಕವನ್ನು ನಿಮ್ಮ ಕೈಯಿಂದಲೇ ಬರೆಯಿರಿ, ಒಂದು ಪ್ರತಿ ಇಟ್ಟುಕೊಳ್ಳಿ.

ಈಗ ನನಗೆ ವಹಿಸಿರುವುದು ವಾರಕ್ಕೆ ಐದು ಗಂಟೆ, ಎಲ್ಲವೂ ಟ್ಯುಟೋರಿಯಲ್. ಅದರ ಆದೇಶದ ಪ್ರತಿ ನನ್ನ ಕಡತದ ಮೊದಲ ಹಾಳೆ. ಗುರುವಾರ ಮತ್ತು ಶುಕ್ರವಾರ ಬೆಳಗಿನ ಬಸ್ಸಿಗೆ ಬೀಳಗಿ ಕಡೆ ಹೋಗುತ್ತೇನೆ. ಆ ತಾಯಿಯ ಸೊಸೆ ತನ್ನ ಅತ್ತೆಯಿಂದ ಕೇಳಿದ್ದಷ್ಟನ್ನು ಹೇಳಲು ಒಪ್ಪಿದ್ದಾರೆ.