ಚಪ್ಪಲಿಯ ಎಂಸಿಆರ್ ಸೋಲ್ ಸ್ಕೀ ಬೂಟಿಗೆ ಹಾಕಬೇಡಿ

ಮಂಗಳೂರಿನಿಂದ ಉತ್ತರಾಖಂಡದ ಹಿಮತಾಣ ಔಲಿಗೆ ಸ್ಕೀ ಕಲಿಯಲು ಹೊರಟ, ಚಪ್ಪಟೆ ಪಾದದವರಿಗೆ ಈ ಮಾತು. ಒಬ್ಬರು ಇಲ್ಲಿಯೇ ಅಳತೆ ಕೊಟ್ಟು ಎಂಸಿಆರ್ (ಮೈಕ್ರೋ ಸೆಲ್ಯುಲಾರ್ ರಬ್ಬರ್) ಎಂಬ ಮೆತ್ತನೆ ರಬ್ಬರಿನ, ಪಾದದಡಿ ಇಡುವ ಸೋಲ್ ಮಾಡಿಸಿಕೊಂಡು ಹೋದರು. ದಪ್ಪ 8 ಮಿ.ಮೀ. ಬಾಡಿಗೆ ಬೂಟಿನೊಳಗೆ ಮೊದಲೇ ಇದ್ದ ಸೋಲನ್ನು ತೆಗೆಯದೆ ಅದರ ಮೇಲೆಯೇ ಇದನ್ನು ಹಾಕಿಕೊಂಡರು. ಅರ್ಧ ಗಂಟೆಯಲ್ಲಿ ಬೆರಳು ಜೋಮು ಹಿಡಿಯಿತು. ಬೂಟು ಚಿಕ್ಕದೆಂದು ಒಂದು ಸೈಜ್ ದೊಡ್ಡದು ಪಡೆದರು. ಮೂರನೇ ದಿನ ಎರಡೂ ಹೆಬ್ಬೆರಳ ಉಗುರು ಕಪ್ಪು, ಹಿಮ್ಮಡಿಯಲ್ಲಿ ಗುಳ್ಳೆ. ಕಲಿಕೆ ಅಲ್ಲಿಗೇ ನಿಂತಿತು.

ಬೂಟು ಚಿಕ್ಕದಾಗಿರಲಿಲ್ಲ. ಸ್ಕೀ ಬೂಟಿನ ಹೊರಚಿಪ್ಪು ಗಟ್ಟಿ ಪ್ಲಾಸ್ಟಿಕ್, ಕ್ಯಾನ್ವಾಸ್ ಶೂವಿನಂತೆ ಹಿಗ್ಗುವುದಿಲ್ಲ. ಕೆಳಗೆ 8 ಮಿ.ಮೀ. ಏರಿಸಿದರೆ ಪಾದದ ಮೇಲಿನ ಉಬ್ಬು ಅಷ್ಟೇ ಏರಿ ಚಿಪ್ಪಿಗೆ ಒತ್ತುತ್ತದೆ. ಬೆರಳಿಗೆ ಹೋಗುವ ರಕ್ತನಾಳ, ನರ ಅಲ್ಲಿ ಚರ್ಮದ ಕೆಳಗೇ ಇವೆ; ಜೋಮು ಅದರಿಂದ. ಹಿಮ್ಮಡಿಯೂ ಮೇಲೆ ಬರುವುದರಿಂದ, ಒಳಗಿನ ಮೆತ್ತನೆ ಲೈನರಿನಲ್ಲಿ ಕಾಲಗಂಟಿಗೆಂದು ಬಿಟ್ಟ ಕುಳಿಯಲ್ಲಿ ಗಂಟು ಕೂರುವುದಿಲ್ಲ. ನೋವೆಂದು ಬಕಲ್ ಸಡಿಲಿಸಿದರೆ ಕಾಲು ಮುಂದೆ ಜಾರಿ ಉಗುರು ಗುದ್ದುತ್ತದೆ. ದೊಡ್ಡ ಸೈಜಿನಲ್ಲಿ ಇನ್ನೂ ಹೆಚ್ಚು ಜಾರುತ್ತದೆ.

ಎಂಸಿಆರ್ ಕೆಟ್ಟದ್ದಲ್ಲ. ಸಕ್ಕರೆ ಕಾಯಿಲೆಯವರ ಚಪ್ಪಲಿಗೆ ಅದು ಒಳ್ಳೆಯದು, ಅಮುಕಿಕೊಂಡು ಒತ್ತಡ ಹಂಚುತ್ತದೆ. ಸ್ಕೀಯಲ್ಲಿ ಆ ಗುಣವೇ ತೊಂದರೆ: ಪಾದ ಕೊಟ್ಟ ಒತ್ತಡ ಸ್ಕೀಯ ಅಂಚಿಗೆ ಮುಟ್ಟುವ ಮೊದಲೇ ರಬ್ಬರಿನಲ್ಲಿ ಕರಗುತ್ತದೆ. (ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ವೈದ್ಯರನ್ನು ಕೇಳದೆ ಈ ಬೂಟು ಹಾಕಲೇಬೇಡಿ. ಒತ್ತಿದ್ದು ಗೊತ್ತೇ ಆಗುವುದಿಲ್ಲ.)

ಸ್ಕೀ ಬೂಟಿಗೆಂದೇ ಸೋಲ್ ಮಾಡಿಸುವುದಾದರೆ ಹಿಮ್ಮಡಿಗೆ ಬಟ್ಟಲಿನಂಥ ಕುಳಿ ಇರಲಿ, ಅಂಗಾಲಿನ ಕಮಾನಿನವರೆಗೆ ಗಟ್ಟಿ ಇರಲಿ, ಬೆರಳ ಬುಡದಿಂದ ಮುಂದಕ್ಕೆ ದಪ್ಪ 2–3 ಮಿ.ಮೀ. ಮಾತ್ರ. ತಳ ಸಮತಟ್ಟಾಗಿ ಉಜ್ಜಿರಬೇಕು. ಮೇಜಿನ ಮೇಲಿಟ್ಟರೆ ಅಲ್ಲಾಡಬಾರದು. ಇಲ್ಲಿನ ಸೆಕೆಗೆ ಸಂಜೆ ಪಾದ ಬಾತಿರುತ್ತದೆ, ಅಳತೆ ಬೆಳಿಗ್ಗೆ ಕೊಡಿ. ಅಚ್ಚು ತೆಗೆಯುವಾಗ ಪೂರ್ತಿ ಭಾರ ಹಾಕಿ ನಿಂತರೆ ಪಾದ ಚಪ್ಪಟೆಯಾಗಿಯೇ ಅಚ್ಚಾಗುತ್ತದೆ. ಕುಳಿತು, ಮಂಡಿಯನ್ನು ಎರಡನೇ ಬೆರಳಿನ ನೇರಕ್ಕೆ ತಂದು ಕೊಡಿ. ಸೋಲ್ ಕಮಾನನ್ನು ಮುಟ್ಟಿದರೆ ಸಾಕು. ಎತ್ತಿ ಹಿಡಿದರೆ ಪಾದ ಹೊರಕ್ಕೆ ವಾಲುತ್ತದೆ, ಅಂಗಾಲಿನಲ್ಲಿ ಸೆಳೆತ ಬರುತ್ತದೆ.

ಬಾಡಿಗೆ ಅಂಗಡಿಯಲ್ಲಿ ಮೊದಲು ಲೈನರ್ ಹೊರತೆಗೆದು ಬರೀ ಚಿಪ್ಪಿನೊಳಗೆ ಕಾಲಿಡಿ. ಬೆರಳು ಮುಂದೆ ತಾಗಿದಾಗ ಹಿಮ್ಮಡಿಯ ಹಿಂದೆ 1.5ರಿಂದ 2 ಸೆಂ.ಮೀ. ಜಾಗ ಇರಬೇಕು. ಬೂಟಿನ ನಂಬರ್ ಎಂದರೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. 26 ಮತ್ತು 26.5ಕ್ಕೆ ಸಾಮಾನ್ಯವಾಗಿ ಚಿಪ್ಪು ಒಂದೇ, ಅರ್ಧ ನಂಬರಿಗಾಗಿ ಹಟ ಬೇಡ. ಬೂಟಿನಲ್ಲಿ ಮೊದಲೇ ಇರುವ ಸೋಲ್ ಕಿತ್ತು ಅದನ್ನೇ ಅಳತೆಗಿಟ್ಟು ನಿಮ್ಮದರ ಬೆರಳ ತುದಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಹಿಮ್ಮಡಿ ಕಡೆ ಕತ್ತರಿ ತಾಗಿಸಬೇಡಿ. ಕಾಲುಚೀಲ ತೆಳುವಾದದ್ದು, ಒಂದೇ ಜೊತೆ. ನೇರ ನಿಂತಾಗ ಬೆರಳು ಮುಂದೆ ತುಸು ತಾಗಬೇಕು, ಮಂಡಿ ಬಾಗಿಸಿದಾಗ ಬಿಡಬೇಕು. ಹೀಗೆ 20 ನಿಮಿಷ ನಿಂತು ನೋಡಿಯೇ ಅಂಗಡಿ ಬಿಡಿ. ಅಷ್ಟರೊಳಗೆ ಜೋಮು ಬಂದರೆ ಬೂಟು ಬದಲಿಸಲು ಹೋಗಬೇಡಿ, ಮೊದಲು ನಿಮ್ಮ ಸೋಲ್ ತೆಗೆದು ಮತ್ತೆ ನಿಲ್ಲಿ.