ಸ್ಪಾಟ್ ಕಲರ್ ಗ್ರೇಡಿಯಂಟ್: 'ಏನೂ ಮುಟ್ಟಿಲ್ಲ ಸರ್' ಅಂದರೆ ನಂಬಬೇಡಿ

ಕೋಪ ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಹೀಗೆ ಸಿಕ್ಕಿಹಾಕಿಕೊಳ್ಳಬಾರದು.

ಕೆಲಸ ಸರಳ. ಬಾಕ್ಸ್ ಡಿಸೈನ್, ಎರಡೇ ಬಣ್ಣ: ಪ್ಯಾಂಟೋನ್ ಆರೆಂಜ್ 021 ಮತ್ತು ಕಪ್ಪು. ಈ ಆರೆಂಜ್ ಸ್ಪಾಟ್ ಕಲರ್, ಅಂದರೆ ಬೇರೆ ಬಣ್ಣದ ಚುಕ್ಕಿ ಸೇರಿಸಿ ಬರಿಸುವುದಲ್ಲ, ಮೊದಲೇ ಬೆರೆಸಿಟ್ಟ ಒಂದೇ ಇಂಕ್. ಮೇಲೆ ತುಂಬು ಆರೆಂಜ್ ಲೋಗೋ. ಅದಕ್ಕೆ ತಾಗಿಕೊಂಡೇ ಕೆಳಗೆ ಅದೇ ಆರೆಂಜ್ ತಿಳಿಯಾಗುತ್ತಾ ಹೋಗುವ ಗ್ರೇಡಿಯಂಟ್. ಕೊನೆಗೆ ಬಿಳಿ ಹಾಕಿರಲಿಲ್ಲ, ಅದೇ ಸ್ಪಾಟ್‌ನ 0% ಟಿಂಟ್ (ಆ ಇಂಕ್ ಬೀಳದೇ ಇರುವಷ್ಟು ತಿಳಿ) ಕೊಟ್ಟಿದ್ದೆ. ಬಿಳಿ ಕೊಟ್ಟರೆ ಕೆಲವು ಸಾಫ್ಟ್‌ವೇರ್ ಇಡೀ ಗ್ರೇಡಿಯಂಟನ್ನೇ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಚುಕ್ಕಿಗಳ ಮಿಶ್ರಣ) ಮಾಡಿಬಿಡುತ್ತವೆ, ನಿಮಗೆ ಗೊತ್ತಿರುವುದೇ. ನನ್ನ ಪಿಡಿಎಫ್‌ನಲ್ಲಿ ಎರಡೇ ಪ್ಲೇಟ್ (ಒಂದೊಂದು ಇಂಕಿಗೆ ಒಂದೊಂದು ಅಚ್ಚಿನ ತಗಡು). ನೋಡಿಯೇ ಕಳಿಸಿದ್ದೆ.

ಪ್ರೆಸ್‌ನವರು ಅಪ್ರೂವಲ್‌ಗೆ ಅಂತ ಜೆಪೆಗ್ ಕಳಿಸಿದರು. ಪ್ಲೇಟ್‌ಗೆ ಹೋಗುವ ಪಿಡಿಎಫ್ ಕೊಡಿ ಅಂದೆ. "ನಿಮ್ಮ ಫೈಲೇ ಸರ್, ಏನೂ ಮುಟ್ಟಿಲ್ಲ." ಮತ್ತೆ ಕೇಳಿದೆ. ಮತ್ತೆ ಅದೇ, "ಏನೂ ಮುಟ್ಟಿಲ್ಲ ಸರ್."

ಶೀಟ್ ಬಂತು. ಲೋಗೋ ಝಗ್ ಅಂತಿದೆ, ಗ್ರೇಡಿಯಂಟ್ ಸಪ್ಪೆ. ಎರಡೂ ಸೇರುವ ಕಡೆ ಗೆರೆ ಎಳೆದ ಹಾಗೆ ಬಣ್ಣ ಬೇರೆ. ಲೂಪ್ (ಚುಕ್ಕಿ ನೋಡುವ ಪುಟ್ಟ ಭೂತಗನ್ನಡಿ) ಇಟ್ಟು ನೋಡಿದೆ. ಬರೀ ಆರೆಂಜ್ ಇಂಕಿನ ಚುಕ್ಕಿ ಇರಬೇಕಾದ ಕಡೆ ಮಜೆಂಟಾ ಚುಕ್ಕಿ, ಹಳದಿ ಚುಕ್ಕಿ! ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲೇ ಕ್ಲೈಂಟ್ ನಿಂತಿದ್ದರು. ಅವರ ಮುಖ ನೋಡಲಾಗಲಿಲ್ಲ.

ಫೋನ್ ಮಾಡಿದರೆ ಮೊದಲು "ಇಂಕ್ ಒಣಗಿದ ಮೇಲೆ ಸರಿಹೋಗತ್ತೆ". ಆಮೇಲೆ "ಪೇಪರ್ ಹಾಗಿದೆ". ಲೂಪ್‌ನಲ್ಲಿ ಕಂಡದ್ದರ ಫೋಟೋ ಕಳಿಸಿದೆ. ಆಗ ಬಾಯಿಬಿಟ್ಟರು: "ಬ್ಯಾಂಡಿಂಗ್ ಬರತ್ತೆ ಅಂತ ಗ್ರೇಡಿಯಂಟನ್ನ ಇಮೇಜ್ ಮಾಡಿದ್ವಿ ಸರ್, ಅಷ್ಟೇ."

ಬ್ಯಾಂಡಿಂಗ್ ಅಂದರೆ ಬಣ್ಣ ನಯವಾಗಿ ತಿಳಿಯಾಗದೆ ಪಟ್ಟೆ ಪಟ್ಟೆ ಕಾಣುವುದು. ಅದಕ್ಕೆ ಹೆದರಿ ಗ್ರೇಡಿಯಂಟನ್ನ ಫೋಟೋ ಥರ ಪಿಕ್ಸೆಲ್ ಚಿತ್ರ ಮಾಡಿಬಿಟ್ಟಿದ್ದರು. ಅಷ್ಟೇ ಅಂತೆ! ಏನೂ ಮುಟ್ಟಿಲ್ಲ ಅಂದವರು ಇವರೇ ಅಲ್ವಾ? ಇಮೇಜ್ ಮಾಡುವಾಗ ಸ್ಪಾಟ್ ಕಲರ್ ಉಳಿಸಿಕೊಳ್ಳುವ ಆಯ್ಕೆ ಇರುತ್ತದೆ, ಅದಕ್ಕೊಂದು ಟಿಕ್ ಹಾಕಲು ಆಗಲಿಲ್ಲ. ಗ್ರೇಡಿಯಂಟ್ ಸಿಎಂವೈಕೆ ಆಗಿಹೋಯಿತು. ಆರೆಂಜ್ 021ರ ಆ ಹೊಳಪು ಸಿಎಂವೈಕೆಯಲ್ಲಿ ಬರುವುದೇ ಇಲ್ಲ. ಅದಕ್ಕೇ ಅಲ್ವಾ ನಾವು ಬೇರೆ ಇಂಕಿಗೆ ದುಡ್ಡು ಕೊಡುವುದು? ಬಿಲ್ ನೋಡಿದರೆ ಎರಡರ ಬದಲು ನಾಲ್ಕು ಪ್ಲೇಟ್. ಕೆಡಿಸಿದ್ದು ಅವರು, ಆ ಪ್ಲೇಟಿಗೂ ದುಡ್ಡು ನಾನೇ ಕೊಡಬೇಕಂತೆ.

ಜೆಪೆಗ್ ಕಳಿಸಿದರೆ ಸುಮ್ನೆ ಒಪ್ಪಬೇಡಿ. ಅದರಲ್ಲಿ ಪ್ಲೇಟ್ ಯಾವುದೂ ಕಾಣುವುದಿಲ್ಲ. ಪ್ಲೇಟ್‌ಗೆ ಹೋಗುವ ಪಿಡಿಎಫ್ ಇಸ್ಕೊಳ್ಳಿ, ಅಕ್ರೋಬ್ಯಾಟ್ ಪ್ರೊನ ಔಟ್‌ಪುಟ್ ಪ್ರಿವ್ಯೂ (ಒಂದೊಂದು ಪ್ಲೇಟ್ ಬೇರೆ ಬೇರೆ ತೋರಿಸುವ ಕಿಟಕಿ) ತೆರೆದು ನಿಮ್ಮ ಸ್ಪಾಟ್ ಕಲರ್‌ನ ಟಿಕ್ ತೆಗೆಯಿರಿ. ಲೋಗೋ ಜೊತೆ ಗ್ರೇಡಿಯಂಟೂ ಪೂರ್ತಿ ಮಾಯವಾಗಬೇಕು. ಅದು ಅಲ್ಲೇ ಉಳಿಯಿತಾ, ಮಷಿನ್ ಹತ್ತಲು ಬಿಡಬೇಡಿ. ಆ ಪಿಡಿಎಫ್ ಕೊಡಲು ಸತಾಯಿಸುವವರಿಗೆ ಕೆಲಸವನ್ನೇ ಕೊಡಬೇಡಿ.