ಲೂಪ್‌ನ ಫಲಿತಾಂಶ: ಲಿಸ್ಟ್‌ಗೆ ಸೇರಿಸುವುದೋ, ಅರೇಯಲ್ಲಿ ಜಾಗ ಕಾಯ್ದಿರಿಸುವುದೋ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಬಾಕ್ಸ್‌ ಲೆಕ್ಕದಲ್ಲಿ. ಒಂದೊಂದು ಲಾಟಿನ ಬಾಕ್ಸ್ ಬೆಲೆಯನ್ನೂ 15ರಿಂದ ಭಾಗಿಸಿ, ಬಂದ ಕಿಲೋ ದರಗಳನ್ನೆಲ್ಲ ಕೂಡಿಡಬೇಕು ಎನ್ನಿ. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ, ಲಾಟಿಗೊಂದು ಸುತ್ತಿನಂತೆ ಇದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ‘ಲೂಪ್’ ಬರೆದರೆ, ದರಗಳನ್ನು ಕೂಡಿಡಲು ಮುಖ್ಯವಾಗಿ ಎರಡು ದಾರಿ.

ಎಷ್ಟು ಲಾಟು ಬರುತ್ತವೆಂದು ಮೊದಲೇ ತಿಳಿಯದಿದ್ದರೆ ಖಾಲಿ ಲಿಸ್ಟ್‌ ಇಟ್ಟುಕೊಂಡು ಪ್ರತಿ ಸುತ್ತಿನಲ್ಲೂ ಬಂದ ದರವನ್ನು ಅದರ ಕೊನೆಗೆ ‘ಅಪೆಂಡ್’ ಮಾಡಿ, ಅಂದರೆ ಸೇರಿಸಿ. ಆ ಖಾಲಿ ಲಿಸ್ಟ್‌ ಮಾತ್ರ ಲೂಪ್‌ನ ಹೊರಗೇ ಹುಟ್ಟಲಿ; ಒಳಗಿಟ್ಟರೆ ಕೊನೆಯ ದರವೊಂದೇ ಉಳಿಯುತ್ತದೆ. ಹೊಸಬರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಅರೇ (ಒಂದೇ ಬಗೆಯ ಮೌಲ್ಯಗಳ ನಿಗದಿತ ಉದ್ದದ ಸಾಲು) ಬೇಕೆನಿಸಿದರೆ ಲೂಪ್ ಮುಗಿದ ಮೇಲೆ ಒಮ್ಮೆ ಪರಿವರ್ತಿಸಿದರಾಯಿತು.

ಲಾಟುಗಳ ಸಂಖ್ಯೆ ಗೊತ್ತಿದ್ದು, ಮುಂದೆ ಗಣಿತವೇ ಹೆಚ್ಚಿದ್ದರೆ ಪೈಥಾನ್‌ನ ಗಣಿತ ಲೈಬ್ರರಿ ನಂಪೈನಲ್ಲಿ ಅಷ್ಟುದ್ದದ ಅರೇ ಮೊದಲೇ ಸಿದ್ಧಪಡಿಸಿ, ಆಯಾ ಸ್ಥಾನಕ್ಕೆ ದರ ಬರೆಯುವುದು ಲೇಸು. ಆದರೆ ಅದರಲ್ಲಿ ಸೊನ್ನೆ ತುಂಬಿಟ್ಟರೆ, ಬೆಲೆ ಕುದುರದ ಲಾಟೂ ಸೊನ್ನೆ ರೂಪಾಯಿಯದಾಗಿ ಕುಳಿತು ಸರಾಸರಿಯನ್ನು ಕೆಳಕ್ಕೆಳೆಯುತ್ತದೆ. ಬದಲಿಗೆ ‘ಇಲ್ಲಿ ಸಂಖ್ಯೆಯಿಲ್ಲ’ ಎಂದು ಸೂಚಿಸುವ ‘ನ್ಯಾನ್’ (NaN) ತುಂಬಿ, ಅವನ್ನು ಬಿಟ್ಟು ಲೆಕ್ಕ ಹಾಕುವ ‘ನ್ಯಾನ್‌ಮೀನ್’ನಿಂದ (nanmean) ಸರಾಸರಿ ತೆಗೆಯಿರಿ.

ಲೂಪ್‌ನೊಳಗೆ ನಂಪೈನ ‘ಅಪೆಂಡ್’ ಬಳಸುವವರೂ ಇದ್ದಾರೆ. ಹೆಸರು ಅದೇ, ಕೆಲಸ ಬೇರೆ: ಪ್ರತಿ ಸಲವೂ ಇಡೀ ಅರೇ ಹೊಸದಾಗಿ ನಕಲಾಗುತ್ತದೆ. 1,000 ಲಾಟಿಗೆ ಹಳೆಯ ದರಗಳ ನಕಲೇ ಸುಮಾರು 5 ಲಕ್ಷ.